ಭೇದಿ ನಿಂತರೂ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಮತ್ತೆ ಆಂಟಿಬಯೋಟಿಕ್ ತಗೊಳ್ಳಲಾ?

ಧಾರವಾಡದ ಪಿಜಿಯಲ್ಲಿದ್ದೀರಿ, ವಾಂತಿ-ಭೇದಿ ನಿಂತು ವಾರವಾಯಿತು, ಆದರೆ ಸುಸ್ತು ಹೋಗಿಲ್ಲ, ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತದೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯಲ್ಲಿ ಇದೇ ಪಾಡು ಪಟ್ಟವನು.

ಅಂಗಡಿಗೆ ಹೋಗಿ ನೀವೇ ಆಂಟಿಬಯೋಟಿಕ್ ತಗೋಬೇಡಿ. ಇಂಥ ಭೇದಿ ಎಷ್ಟೋ ಸಲ ವೈರಸ್‌ನಿಂದ ಬಂದಿರುತ್ತದೆ, ವೈರಸ್‌ಗೆ ಆ ಗುಳಿಗೆ ನಾಟುವುದಿಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತವೆ.

ಹಾಲಿನ ತಕರಾರಿಗೆ ಕಾರಣ ಬೇರೆ. ಸೋಂಕು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಅನ್ನೋ ಕಿಣ್ವ ಅಲ್ಲೇ ತಯಾರಾಗೋದು. ಅದು ಕಡಿಮೆಯಾದರೆ ಕುಡಿದ ಹಾಲು ಅರಗದೆ ಗ್ಯಾಸ್ ಆಗುತ್ತದೆ. ಪದರ ಕೂಡಿಕೊಳ್ಳಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಹಾಲು, ಖೀರು ಬೇಡ. ಪೇಡಾ ಕೂಡ ಹಾಲು ಬತ್ತಿಸಿ ಮಾಡಿದ್ದೇ ಅಲ್ವಾ, ಧಾರವಾಡದಲ್ಲಿದ್ದು ಅದನ್ನು ಬಿಡೋದು ಕಷ್ಟವೇ! ಮಜ್ಜಿಗೆ, ಮೊಸರನ್ನ ಹೆಚ್ಚಿನವರಿಗೆ ಒಗ್ಗುತ್ತದೆ. ಹಾಲು ಹೆಪ್ಪಾಗುವಾಗಲೇ ಆ ಸಕ್ಕರೆ ಒಂದಿಷ್ಟು ಕಡಿಮೆಯಾಗಿರುತ್ತದೆ. ಬಿಸಿ ರೊಟ್ಟಿ, ಬೇಳೆ ತಿನ್ನಿ. ಗಿರಮಿಟ್, ಮಿರ್ಚಿ ಸ್ವಲ್ಪ ದಿನ ಕಾಯಲಿ.

ಮತ್ತೆ ಭೇದಿಯಾದರೆ ಮೊದಲು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಅದಿಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಬೇಡ. ಒಂದೇ ಸಲ ಗಟಗಟ ಕುಡಿದರೆ ವಾಂತಿಯಾದೀತು, ಗುಟುಕು ಗುಟುಕಾಗಿ ಕುಡಿಯಿರಿ.

ನಿಮ್ಮ ಪಿಜಿಯ ನೀರನ್ನೂ ಒಮ್ಮೆ ನೋಡಿ. ನಮ್ಮ ಅವಳಿ ನಗರದ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರಲ್ಲ, ಕೊಡದಲ್ಲಿ ತುಂಬಿಟ್ಟ ನೀರೇ ಗತಿ. ಎಲ್ಲರೂ ಬೆರಳು ಮುಳುಗುವಂತೆ ಲೋಟ ಅದ್ದಿ ನೀರು ತೆಗೆಯುತ್ತಾರೆ. ಫಿಲ್ಟರ್ ನೀರನ್ನೂ ಅದೇ ಕೊಡಕ್ಕೆ ತುಂಬಿಟ್ಟರೆ ಸುಮ್ನೆ ದಂಡ. ಉದ್ದ ಹಿಡಿಯ ಸೌಟು ಇಡಿಸಿ, ಅಥವಾ ನಿಮ್ಮದೇ ಬಾಟಲಿಗೆ ಕುದಿಸಿದ ನೀರು ತುಂಬಿಕೊಳ್ಳಿ.

ಮಲದಲ್ಲಿ ರಕ್ತ ಬಿದ್ದರೆ, ಜೋರು ಜ್ವರ ಬಂದರೆ, ಮೂತ್ರ ತೀರಾ ಕಡಿಮೆಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದೇನೂ ಇಲ್ಲದೆ ಬರೀ ಉಬ್ಬರ, ಸಡಿಲ ಭೇದಿ ಎರಡು ವಾರ ದಾಟಿದರೂ ಡಾಕ್ಟರಿಗೆ ಹೇಳಿ ಮಲ ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾ ಅನ್ನೋ ಕರುಳಿನ ಪರಾವಲಂಬಿ ಇದ್ದರೂ ಹೀಗೇ ಆಗುತ್ತದೆ, ಅದಕ್ಕೆ ಬೇರೆ ಔಷಧಿ ಇದೆ.