ಹಡಗಿನಿಂದ ಎಷ್ಟು ಜನ ಇಳಿಯಬೇಕು, ಹೇಳುವವರು ಯಾರು?

ಪ್ರಶ್ನೆ: ಬಾಸ್ಟನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಕಾರಿನಲ್ಲಿ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರನ್ನು ನೋಡಿ ಬಂದೆವು. ಕ್ರೂಸ್ ಹಡಗುಗಳಿಂದ ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿಯಬಾರದೆಂದು ಅಲ್ಲಿಯವರು ಮತ ಹಾಕಿ ಕಾನೂನು ಮಾಡಿಕೊಂಡಿದ್ದಾರಂತೆ. ಪ್ರವಾಸಿಗರಿಂದಲೇ ಬದುಕುವ ಊರು ಪ್ರವಾಸಿಗರಿಗೇ ಬಾಗಿಲು ಹಾಕುವುದು ಸರಿಯೆ?
— ನಿವೃತ್ತ ಅಧ್ಯಾಪಕರೊಬ್ಬರು, ಮೈಸೂರು

ಉತ್ತರ: ನೀವು ರಸ್ತೆಯ ಮೂಲಕ ಹೋದದ್ದರಿಂದ ಆ ಕಾನೂನು ನಿಮ್ಮನ್ನು ತಡೆಯಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಪಕ್ಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ 35 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾಗುತ್ತವೆ. ಹಾಗೆ ಬಂದವರಲ್ಲಿ ಅನೇಕರು ಊರಿನಲ್ಲೇ ತಂಗುತ್ತಾರೆ, ಉಣ್ಣುತ್ತಾರೆ. ಅವರ ಸಂಖ್ಯೆಗೆ ಈ ಕಾನೂನು ಕೈಹಾಕಿಲ್ಲ.

ಕಾಯಂ ನಿವಾಸಿಗಳು ಸುಮಾರು 5,000 ಮಂದಿ ಮಾತ್ರ ಇರುವ ಊರದು. ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕುವ ದೊಡ್ಡ ಹಡಗೊಂದರಲ್ಲಿ ಮೂರು-ನಾಲ್ಕು ಸಾವಿರ ಪ್ರಯಾಣಿಕರು ಇರುತ್ತಾರೆ. ಅವರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ತಂದು ಬಿಡುತ್ತಾರೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮರಳಬೇಕು. ಊಟಕ್ಕೂ ಹಾಸಿಗೆಗೂ ಹಡಗಿನಲ್ಲಿ ಮೊದಲೇ ಹಣ ಕಟ್ಟಿರುವವರು ಇವರಾದ್ದರಿಂದ, ಊರಿನ ವಸತಿಗೃಹಗಳಿಗೆ ಇವರಿಂದ ಆಗುವ ಲಾಭ ಕಡಿಮೆ. ಟೀ ಶರ್ಟು, ಆಟಿಕೆ ಮಾರುವ ಅಂಗಡಿಗಳಿಗೆ, ಪ್ರವಾಸಿ ಬಸ್ಸುಗಳಿಗೆ, ಜೆಟ್ಟಿಯ ಒಡೆಯರಿಗೆ ಹೆಚ್ಚು. ಆದ್ದರಿಂದಲೇ ಇದು ಊರಿನವರಿಗೂ ಹೊರಗಿನವರಿಗೂ ನಡೆದ ಜಗಳಕ್ಕಿಂತ ಒಂದೇ ಬೀದಿಯ ಅಕ್ಕಪಕ್ಕದವರ ಜಗಳವಾಗಿ ಬೆಳೆಯಿತು.

ಮೊದಲು ಪುರಸಭೆಯು ಹಡಗು ಕಂಪನಿಗಳೊಡನೆ ಮಾತಾಡಿಕೊಂಡು ಜುಲೈ, ಆಗಸ್ಟ್ ತಿಂಗಳಲ್ಲಿ ದಿನಕ್ಕೆ 3,500, ಹಡಗು ಬರುವ ಉಳಿದ ತಿಂಗಳುಗಳಲ್ಲಿ 5,500 ಪ್ರಯಾಣಿಕರ ಮಿತಿಯನ್ನು ಇಟ್ಟುಕೊಂಡಿತ್ತು. ಊರಿನ ಜನಸಂಖ್ಯೆಯನ್ನೇ ಮೀರುವ ಮಿತಿಯನ್ನು ಮಿತಿಯೆಂದು ಕರೆಯಲು ನನಗಂತೂ ಬಾಯಿ ಬಾರದು. ನಾಗರಿಕರು ಸಹಿ ಸಂಗ್ರಹಿಸಿ ವಿಷಯವನ್ನು ಮತಕ್ಕೆ ತಂದರು. 2022ರ ನವೆಂಬರಿನಲ್ಲಿ ಸುಮಾರು ಶೇ 58 ಮತದಾರರು ಸಾವಿರದ ಮಿತಿಗೆ ಒಪ್ಪಿಗೆ ಕೊಟ್ಟರು.

ಆ ಕಾನೂನನ್ನು ಹೆಣೆದ ಜಾಣ್ಮೆಯನ್ನು ಮೆಚ್ಚಬೇಕು. ಹಡಗು ಸಮುದ್ರದಲ್ಲಿ ಎಲ್ಲಿ ನಿಲ್ಲಬೇಕೆಂದು ಹೇಳುವುದು ಪುಟ್ಟ ಪುರಸಭೆಯ ಕೈಯಲ್ಲಿಲ್ಲ. ಆದರೆ ತನ್ನ ಗಡಿಯೊಳಗಿನ ಜಾಗ ಹೇಗೆ ಬಳಕೆಯಾಗಬೇಕೆಂದು ಅದು ಹೇಳಬಹುದು. ಹಾಗಾಗಿ ಹಡಗಿನ ತಂಟೆಗೇ ಹೋಗದೆ, ಭೂಬಳಕೆಯ ನಿಯಮಾವಳಿಯಲ್ಲಿ ಈ ಮಿತಿಯನ್ನು ಸೇರಿಸಿ, ಹೆಚ್ಚುವರಿಯಾಗಿ ಇಳಿದ ಪ್ರತಿಯೊಬ್ಬರಿಗೆ 100 ಡಾಲರ್‌ನಂತೆ ದಂಡವನ್ನು ಇಳಿಸಿಕೊಂಡ ಜಾಗದ ಒಡೆಯರ ಮೇಲೆ ಹೊರಿಸಲಾಯಿತು. ವ್ಯಾಪಾರಿಗಳೂ ಜೆಟ್ಟಿಯ ಒಡೆಯರೂ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಕಾನೂನನ್ನು ಬಹುಪಾಲು ಎತ್ತಿಹಿಡಿದರು. ಹಡಗಿನ ಸಿಬ್ಬಂದಿ ದಡಕ್ಕೆ ಬರುವುದನ್ನು ಮಾತ್ರ ಊರು ತಡೆಯುವಂತಿಲ್ಲ ಎಂದರು. ಪ್ರಕರಣ ಅಲ್ಲಿಗೇ ಮುಗಿಯದೆ ಮೇಲ್ಮನವಿಗೂ ಹೋಯಿತು.

ಅಂಗಡಿಯವರ ಸಂಕಟ ಸುಳ್ಳೇನಲ್ಲ. ಶಾಲೆಗಳು ಶುರುವಾಗಿ ಸಂಸಾರವಂದಿಗರ ಓಡಾಟ ಇಳಿದ ಮೇಲೂ, ಎಲೆಗಳು ಕೆಂಪಾಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹಡಗುಗಳೇ ಅವರ ವ್ಯಾಪಾರವನ್ನು ಮುಂದುವರಿಸುತ್ತಿದ್ದವು. ಈ ಕಾನೂನನ್ನು ರದ್ದುಮಾಡಿ, ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ಇನ್ನಷ್ಟು ಜನರನ್ನು ಬಿಡೋಣ ಎಂಬ ಪ್ರಸ್ತಾವ 2024ರ ನವೆಂಬರಿನಲ್ಲಿ ಮತಕ್ಕೆ ಬಂದು, ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ಎರಡು ವರ್ಷದ ಹಿಂದಿನ ಬಹುಮತ ಅಷ್ಟರೊಳಗೆ ತೆಳುವಾಗಿಹೋಗಿತ್ತು. ಹೀಗಿದ್ದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ‘ಸರಿ’ ಎಂದೇ. ಸಾವಿರ ಎಂಬ ಅಂಕಿ ತೀರಾ ಕಡಿಮೆ ಎನಿಸಬಹುದು, ಆದರೆ ಅಂಕಿಯನ್ನು ಗೊತ್ತುಮಾಡಬೇಕಾದವರು ಆ ಊರಿನಲ್ಲಿ ವರ್ಷವಿಡೀ ಬದುಕುವವರೇ.

ಪ್ರಶ್ನೆ: ಜನರೇ ಮತ ಹಾಕಿ ತೀರ್ಮಾನಿಸಿದ ಮೇಲೆ ಅದೇ ಕೊನೆಯ ಮಾತಲ್ಲವೆ?
— ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲ ಕಡೆಯೂ ಅಲ್ಲ. ಫ್ಲಾರಿಡಾದ ತುದಿಯಲ್ಲಿರುವ ಕೀ ವೆಸ್ಟ್ ದ್ವೀಪದಲ್ಲಿ, ದೊಡ್ಡ ಹಡಗುಗಳು ಕಾಲುವೆಯ ತಳದ ಹೂಳನ್ನು ಕದಡುತ್ತವೆ ಎಂಬುದು ಮೀನು ಹಿಡಿಯುವವರ ಹಳೆಯ ದೂರಾಗಿತ್ತು. ಕೋವಿಡ್ ಕಾಲದಲ್ಲಿ ಹಡಗುಗಳ ಓಡಾಟ ನಿಂತಾಗ ನೀರು ತಿಳಿಯಾದದ್ದನ್ನು ಊರೇ ಗಮನಿಸಿತು. 2020ರ ನವೆಂಬರಿನಲ್ಲಿ ಮತದಾರರು 1,300ಕ್ಕಿಂತ ಹೆಚ್ಚು ಜನ ಹಿಡಿಸುವ ಹಡಗುಗಳು ಬೇಡ, ದಿನಕ್ಕೆ 1,500 ಮಂದಿಗಿಂತ ಹೆಚ್ಚು ಜನ ಇಳಿಯುವುದು ಬೇಡ ಎಂದು ದೊಡ್ಡ ಬಹುಮತದಿಂದ ತೀರ್ಮಾನಿಸಿದರು. ಮರುವರ್ಷವೇ ರಾಜ್ಯದ ಶಾಸನಸಭೆಯು ಇಂತಹ ಮತನಿರ್ಣಯಗಳೇ ಊರ್ಜಿತವಲ್ಲ ಎಂದು ಕಾನೂನು ಮಾಡಿ, ಗವರ್ನರ್ ಅದಕ್ಕೆ ಸಹಿ ಹಾಕಿದರು. ಊರು ಸುಮ್ಮನಾಗದೆ ತನ್ನ ಸ್ವಂತ ಜೆಟ್ಟಿಗೆ ದೊಡ್ಡ ಹಡಗುಗಳು ಬರುವುದನ್ನು ನಿಲ್ಲಿಸಿತು. ಖಾಸಗಿ ಜೆಟ್ಟಿಯಲ್ಲಿ ಮಾತ್ರ ಅವು ಬರುತ್ತಲೇ ಇವೆ.

ಅಲಾಸ್ಕಾದ ಜೂನೋ ಊರಿನ ದಾರಿ ಬೇರೆ. ಸುಮಾರು 32,000 ಜನರಿರುವ ಆ ರಾಜಧಾನಿಗೆ 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರಯಾಣಿಕರು ಬಂದರು. ಆಡಳಿತವು ಕಂಪನಿಗಳೊಡನೆ ಕುಳಿತು ದಿನಕ್ಕೆ ಐದು ದೊಡ್ಡ ಹಡಗುಗಳೆಂಬ ಮಿತಿಯನ್ನು 2024ರಿಂದ ಜಾರಿಗೆ ತಂದಿತು. ಶನಿವಾರ ದೊಡ್ಡ ಹಡಗೇ ಬೇಡ ಎಂಬ ಪ್ರಸ್ತಾವವನ್ನು ಅದೇ ವರ್ಷ ಮತದಾರರು ತಿರಸ್ಕರಿಸಿದರು.

ಪ್ರಶ್ನೆ: ನಮ್ಮ ನವಮಂಗಳೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ. ಇಲ್ಲಿಯೂ ಇಂತಹ ವಿರೋಧ ಬರಬಹುದೆ?
— ಓದುಗರು, ಸುರತ್ಕಲ್

ಉತ್ತರ: ಸದ್ಯಕ್ಕೆ ಕಾರಣ ಕಾಣುವುದಿಲ್ಲ. ಅವು ನಿಲ್ಲುವುದು ಪಣಂಬೂರಿನ ಸರಕು ಬಂದರಿನೊಳಗೆ. ಇಳಿದವರು ಬಸ್ಸು, ಟ್ಯಾಕ್ಸಿ ಹತ್ತಿ ಕದ್ರಿ, ಕುದ್ರೋಳಿ, ಮೂಡುಬಿದಿರೆಗಳ ಕಡೆಗೆ ಚದುರಿಹೋಗುತ್ತಾರೆ. ಲಕ್ಷಗಟ್ಟಲೆ ಜನರಿರುವ ಮಂಗಳೂರಿಗೆ ಹಡಗು ಬಂದದ್ದು ಗೊತ್ತಾಗುವುದೇ ಮರುದಿನದ ಪತ್ರಿಕೆಯಿಂದ. ಹೊನ್ನಾವರದ ಕಾಸರಕೋಡಿನಲ್ಲಿ ಮೀನುಗಾರರು ನಡೆಸುತ್ತಿರುವ ಹೋರಾಟವನ್ನು ಇದರೊಡನೆ ಬೆರೆಸಬಾರದು. ಅವರು ವಿರೋಧಿಸುತ್ತಿರುವುದು ವಾಣಿಜ್ಯ ಬಂದರನ್ನು, ಅಲ್ಲಿ ಪಣಕ್ಕಿರುವುದು ಮೀನು ಒಣಗಿಸುವ ದಡ ಮತ್ತು ಅವರ ಮನೆಗಳು.