ಗಾಡಿ ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರು ನಿಮ್ಮದೇ ಇದ್ದರೆ

ಹೊಸನಗರದ ನಿಮ್ಮ 2016ರ ಬೊಲೆರೊವನ್ನು ಭದ್ರಾವತಿಯ ಪರಿಚಯದವರೊಬ್ಬರಿಗೆ ಮಾರುತ್ತಿದ್ದೀರಿ ಅಂತ ಬರೆದಿದ್ದೀರಿ. ಮತ್ತೆ ಟ್ಯಾಕ್ಸ್ ಕಟ್ಟಬೇಕಾ ಅಂತ ಒಂದು ಪ್ರಶ್ನೆ. "ಆರ್‌ಸಿ ಆಮೇಲೆ ನನ್ನ ಹೆಸರಿಗೆ ಮಾಡಿಸ್ಕೊಳ್ತೀನಿ" ಅಂತ ಅವರು ಹೇಳುತ್ತಿದ್ದಾರೆ, ನಂಬಿ ಕೊಡಬಹುದಾ ಅಂತ ಇನ್ನೊಂದು.

ಟ್ಯಾಕ್ಸ್ ಕಟ್ಟಬೇಕಿಲ್ಲ. ಆದರೆ ಆರ್‌ಸಿ ಕೆಲಸವನ್ನು ಅವರಿಗೆ ಬಿಟ್ಟು ಸುಮ್ನೆ ಕೂರಬೇಡಿ. ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಕೈ ಸುಟ್ಟುಕೊಂಡವರು ನಾವು.

ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಅಪ್ಪಯ್ಯ 2012ರಲ್ಲಿ ಮನೆಯ ಓಮ್ನಿಯನ್ನು ಒಬ್ಬರಿಗೆ ಕೊಟ್ಟರು. ನಮ್ಮ ತೋಟದ ಅಡಿಕೆಯನ್ನು ವರ್ಷಾ ವರ್ಷ ಚೇಣಿಗೆ ಹಿಡಿಯುತ್ತಿದ್ದವರೇ. 85 ಸಾವಿರಕ್ಕೆ ಮಾತಾಯಿತು, ದುಡ್ಡು ಪೂರ್ತಿ ಕೈಗೆ ಬಂತು. ಹೆಸರು ಬದಲಾವಣೆಗೆ ಬೇಕಾದ ಫಾರಂ 29, ಫಾರಂ 30ನ್ನು ತುಂಬದೆ ಖಾಲಿ ಇರುವಾಗಲೇ ಅಪ್ಪಯ್ಯ ಸಹಿ ಹಾಕಿ, ಆರ್‌ಸಿ ಜೊತೆ ಕೊಟ್ಟುಬಿಟ್ಟರು. ನಾನು ಕೇಳಿದ್ದಕ್ಕೆ "ನಮ್ಮೋರೇ ಅಲ್ವಾ, ಮಾಡಿಸ್ಕೊಳ್ತಾರೆ ಬಿಡು" ಅಂದರು.

ಅವರು ಮಾಡಿಸಿಕೊಳ್ಳಲಿಲ್ಲ. ಒಂದೆರಡು ವರ್ಷ ಓಡಿಸಿ ಇನ್ನೊಬ್ಬರಿಗೆ ಮಾರಿದರು. ಅವರು ಮತ್ತೊಬ್ಬರಿಗೆ. ಅಪ್ಪಯ್ಯನ ಸಹಿ ಇದ್ದ ಆ ಫಾರಂಗಳೂ ಗಾಡಿಯ ಜೊತೆ ಊರೂರು ತಿರುಗಿದವು. ಇನ್ಶೂರೆನ್ಸನ್ನು ಮಾತ್ರ ಯಾರೂ ಕಟ್ಟಿರಲಿಲ್ಲ. 2018ರ ಮಳೆಗಾಲದಲ್ಲಿ ಆ ಓಮ್ನಿ ಒಂದು ತಿರುವಿನಲ್ಲಿ ಜಾರಿ ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದವನು ಸೆಂಟ್ರಿಂಗ್ ಕೆಲಸದ ಹುಡುಗ. ಕಾಲು ಎರಡು ಕಡೆ ಮುರಿಯಿತು. ಪರಿಹಾರದ ಕೇಸಿನ ನೋಟಿಸ್ ಬಂದಿದ್ದು ಅಪ್ಪಯ್ಯನ ಹೆಸರಿಗೆ.

ಗಾಡಿ ಮಾರಿ ಆರು ವರ್ಷ ಆಗಿತ್ತು. ಯಾರು ಓಡಿಸುತ್ತಿದ್ದರು ಅಂತಲೂ ನಮಗೆ ಗೊತ್ತಿರಲಿಲ್ಲ. ವಕೀಲರು ಬಿಡಿಸಿ ಹೇಳಿದರು: ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. ಗಾಡಿ ಎಷ್ಟೇ ಕೈ ಬದಲಾಯಿಸಿರಲಿ, ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ ಅದೇ 2018ರಲ್ಲಿ ಇಂಥದ್ದೇ ಒಂದು ಕೇಸಿನಲ್ಲಿ ಹೇಳಿತ್ತು. ಕೊನೆಗೆ ನಾವು ಕೊಟ್ಟಿದ್ದು 3 ಲಕ್ಷ 40 ಸಾವಿರ. ಆ ವರ್ಷದ ಅಡಿಕೆ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಕೊಟ್ಟಿದ್ದಕ್ಕೆ ನನಗೆ ಬೇಸರ ಇಲ್ಲ. ಆ ಹುಡುಗನಿಗೆ ದುಡ್ಡು ಸಿಗಲೇಬೇಕಿತ್ತು. ಬೇಸರ ಆಗಿದ್ದು ಅವನು ಕಾದಿದ್ದಕ್ಕೆ. ಆರ್‌ಸಿಯಲ್ಲಿ ಸರಿಯಾದ ಹೆಸರು, ಕೈಯಲ್ಲಿ ಚಾಲ್ತಿ ಇನ್ಶೂರೆನ್ಸ್ ಇದ್ದಿದ್ದರೆ ಅವನು ಎರಡು ವರ್ಷ ಊರುಗೋಲು ಹಿಡಿದು ಕೋರ್ಟಿಗೆ ಅಲೆಯಬೇಕಿರಲಿಲ್ಲ ಮಾರಾಯ್ರೆ. ನಾವು ಇದನ್ನು ಬರೀ ನಮ್ಮ ಕಾಗದ ಪತ್ರದ ವಿಷಯ ಅಂದುಕೊಳ್ಳುತ್ತೇವೆ. ರಸ್ತೆಯಲ್ಲಿ ಎದುರಿಗೆ ಬರುವವರ ವಿಷಯವೂ ಹೌದು.

ಈಗ ನಿಮ್ಮ ಬೊಲೆರೊ. ಕೊಳ್ಳುವವರು ಭದ್ರಾವತಿಯವರಾದ್ದರಿಂದ ಹೆಸರು ಬದಲಾವಣೆ ಆಗುವುದು ಶಿವಮೊಗ್ಗ ಆರ್‌ಟಿಒದಲ್ಲಿ. ನಿಮ್ಮದು ಸಾಗರದ ಕೆಎ-15 ನಂಬರ್ ಇರಬಹುದು, ಅದು ಹಾಗೇ ಇರುತ್ತದೆ, ಕೆಎ-14 ಆಗುವುದಿಲ್ಲ. ಫಾರಂ 29 ಅಂದರೆ 'ನಾನು ಮಾರಿದ್ದೇನೆ' ಅಂತ ನೀವು ಕೊಡುವ ತಿಳಿವಳಿಕೆ. ಮಾರಿದ 14 ದಿನದ ಒಳಗೆ ಕೊಡಬೇಕು. ಇದು ಕೊಂಡವರ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಇದು ಮಾರಿದವರ ಕೆಲಸ. ಫಾರಂ 30 ಹೆಸರು ಬದಲಾವಣೆಯ ಅರ್ಜಿ, ಕೊಂಡವರು 30 ದಿನದ ಒಳಗೆ ಹಾಕಬೇಕು, ಅದರಲ್ಲೂ ನಿಮ್ಮ ಸಹಿ ಇರುತ್ತದೆ. ಎಲ್ಲ ತುಂಬಿದ ಮೇಲೆ, ಅವರ ಹೆಸರು, ವಿಳಾಸ, ತಾರೀಖು ಕಣ್ಣಿಗೆ ಕಂಡ ಮೇಲೆ ಸಹಿ ಹಾಕಿ.

ಅರ್ಜಿ ಶುರುವಾಗುವುದು ಸಾರಿಗೆ ಕೆಲಸಗಳ ಸರ್ಕಾರಿ ವೆಬ್‌ಸೈಟ್ ಆದ ಪರಿವಾಹನ್ ಪೋರ್ಟಲ್‌ನಲ್ಲಿ. ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಆರ್‌ಸಿ ಜೊತೆ ಇರುವ ಮೊಬೈಲ್‌ಗೆ ಓಟಿಪಿ ಬರುತ್ತದೆ. ನಮ್ಮ ಕಡೆ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಗಾಡಿ ತಗೊಂಡಾಗಿನ ಸಿಮ್ ಈಗ ಇರುವುದಿಲ್ಲ. ನಿಮ್ಮದೂ ಹಾಗಾಗಿದ್ದರೆ ಮೊದಲು ಮೊಬೈಲ್ ನಂಬರ್ ಬದಲಾಯಿಸಿಕೊಳ್ಳಿ. ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಇಬ್ಬರ ಆಧಾರ್, ಪ್ಯಾನ್ ಬೇಕು. ಸಾಲದ ಮೇಲೆ ತಗೊಂಡಿದ್ದರೆ, ಸಾಲ ತೀರಿ ಎಷ್ಟೇ ವರ್ಷ ಆಗಿರಲಿ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು. ಬಾಕಿ ದಂಡ ಇದ್ದರೆ ಕಟ್ಟಿಬಿಡಿ.

ಟ್ಯಾಕ್ಸ್ ವಿಷಯ ಸುಲಭ. ಬಿಳಿ ಬೋರ್ಡ್ ಗಾಡಿಗೆ ಹೊಸದರಲ್ಲೇ ಜೀವಿತಾವಧಿ ತೆರಿಗೆ ಕಟ್ಟಿರುತ್ತೀರಿ. ಕರ್ನಾಟಕದ ಒಳಗೆ ಎಷ್ಟು ಸಲ ಮಾರಿದರೂ ಅದನ್ನು ಮತ್ತೆ ಕಟ್ಟಬೇಕಿಲ್ಲ. ವರ್ಗಾವಣೆ ಶುಲ್ಕ ಕಾರು ಜೀಪಿಗೆ 300 ರೂಪಾಯಿ, ಬೈಕಿಗೆ 150, ಸ್ಮಾರ್ಟ್ ಕಾರ್ಡಿಗೆ 200, ಮೇಲೆ ಸಣ್ಣಪುಟ್ಟ ಸೇವಾ ಶುಲ್ಕ. 2024ರ ಡಿಸೆಂಬರ್‌ನಲ್ಲಿ ಹಳೇ ಕಾರಿಗೆ 18 ಶೇಕಡ ಜಿಎಸ್‌ಟಿ ಅಂತ ಸುದ್ದಿ ಬಂದಾಗ ನಮ್ಮೂರಲ್ಲೂ ಎಲ್ಲರೂ ಹೆದರಿದ್ದರು. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರಿಗೆ, ಅದೂ ಅವರ ಲಾಭದ ಮೊತ್ತದ ಮೇಲೆ. ಮನೆ ಗಾಡಿ ಮಾರುವ ನಿಮಗೆ ಅಲ್ಲ. ಸ್ವಂತಕ್ಕೆ ಬಳಸಿದ ಗಾಡಿ ಮಾರಿದ ದುಡ್ಡಿಗೆ ಆದಾಯ ತೆರಿಗೆಯೂ ಬರುವುದಿಲ್ಲ. ಆದರೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯನ್ನು ನಗದಾಗಿ ತಗೊಳ್ಳಬೇಡಿ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಹಾಕಿಸಿಕೊಳ್ಳಿ, ಮಾರಿದ್ದಕ್ಕೆ ಸಾಕ್ಷಿಯೂ ಆಗುತ್ತದೆ.

ಗಾಡಿ ಮಾರಿದ ಮೇಲೆ ನೀವು ಗೋವಾದ ಕಾರು ನೋಡುತ್ತಿದ್ದೀರಿ ಅಂತಲೂ ಬರೆದಿದ್ದೀರಲ್ಲ, ಅದರ ಲೆಕ್ಕ ಬೇರೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು. ಇಲ್ಲಿ ಹೊಸ ನಂಬರ್ ಆಗಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಈ ತೆರಿಗೆ ಬೆಲೆ ನೋಡಿಕೊಂಡು 13ರಿಂದ 18 ಶೇಕಡ, ಅದರ ಮೇಲೆ ಸೆಸ್. ಗಾಡಿಗೆ ವಯಸ್ಸಾದಷ್ಟೂ ಕಡಿಮೆ ಆಗುತ್ತದೆ. ಆದರೂ ಅಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದವರಿಗೆ ಇಲ್ಲಿ ಅಷ್ಟೇನೂ ಉಳಿದಿರುವುದಿಲ್ಲ. ಮೊದಲೇ ಲೆಕ್ಕ ಹಾಕಿ ನೋಡಿ.

ಇನ್ಶೂರೆನ್ಸ್ ಬಗ್ಗೆ ಕೊಳ್ಳುವವರಿಗೆ ನೀವೇ ಹೇಳಿ. ಪಾಲಿಸಿಯ ಥರ್ಡ್ ಪಾರ್ಟಿ ಭಾಗ, ಅಂದರೆ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರುವ ಭಾಗ, ಗಾಡಿಯ ಜೊತೆ ಹೋಗುತ್ತದೆ. ಆದರೆ ಅವರು 14 ದಿನದ ಒಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅವರ ಗಾಡಿಗೆ ಏಟು ಬಿದ್ದಾಗ ಕ್ಲೇಮ್ ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮಾತ್ರ ನಿಮ್ಮದು, ಗಾಡಿಯದಲ್ಲ. ಅದಕ್ಕೆ ಪತ್ರ ಬರೆಸಿಕೊಳ್ಳಿ, ಮುಂದಿನ ಕಾರಿನ ಪಾಲಿಸಿಗೆ ಆಗುತ್ತದೆ.

ಕೊಳ್ಳುವವರಿಗೆ ನೇರವಾಗಿ ಹೇಳಿ: "ಅರ್ಜಿ ಹಾಕಿದ ದಿನವೇ ಗಾಡಿ ಕೊಡ್ತೀನಿ." ಬೇಜಾರು ಮಾಡಿಕೊಂಡಾರು ಅಂತ ಹಿಂಜರಿಯಬೇಡಿ. ಒಳ್ಳೆಯ ಮನುಷ್ಯರಾದರೆ ಅರ್ಥ ಮಾಡಿಕೊಳ್ಳುತ್ತಾರೆ. ಗಾಡಿ ಕೊಡುವಾಗ ತಾರೀಖು, ಗಂಟೆ, ಕಿಲೋಮೀಟರ್ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ, ಅವರ ಆಧಾರ್ ಪ್ರತಿ ಇಟ್ಟುಕೊಳ್ಳಿ. ಆಮೇಲೂ ವಾರಕ್ಕೊಂದು ಸಲ ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ. ಮಾಲೀಕರ ಹೆಸರಿನ ಜಾಗದಲ್ಲಿ ಬರೀ ಒಂದೆರಡು ಅಕ್ಷರ ಕಂಡರೂ ನಿಮ್ಮದೋ ಅವರದೋ ಅಂತ ಗೊತ್ತಾಗುತ್ತದೆ. ಅವರದು ಬರುವ ತನಕ ಫೋನ್ ಮಾಡುತ್ತಲೇ ಇರಿ.