ಹುಬ್ಬಳ್ಳಿಯಿಂದ ನೇಪಾಳಕ್ಕೆ, ಪಟ್ಟಿ ಇಲ್ಲದೆ

(ಹಾವೇರಿಯ ಓದುಗರೊಬ್ಬರು ಪದವಿ ಮುಗಿಸಿ, ಗೆಳೆಯನ ಜೊತೆ ಜೂನ್‌ನಲ್ಲಿ ಬೈಕ್ ಮೇಲೆ ನೇಪಾಳಕ್ಕೆ ಹೊರಟಿದ್ದಾರೆ. ಬೈಕ್ ಅಪ್ಪನ ಹೆಸರಿನಲ್ಲಿದೆ, ಅಪ್ಪನ ಒಪ್ಪಿಗೆ ಮಾತ್ರ ಇಲ್ಲ. ಯಾವ ದಿನ ಎಷ್ಟು ದೂರ, ಎಲ್ಲಿ ವಸ್ತಿ, ಒಂದು ಪಟ್ಟಿ ಮಾಡಿಕೊಡಿ ಎಂದು ಬರೆದಿದ್ದಾರೆ.)

ಪಟ್ಟಿ ಮಾಡಿಕೊಡುವುದಿಲ್ಲ. ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮೂರನೆಯ ದಿನ ಇಂಥ ಊರು ಮುಟ್ಟಬೇಕು ಎಂದು ಬರೆದಿಟ್ಟುಕೊಂಡವರು, ಎರಡನೆಯ ದಿನ ಗ್ಯಾರೇಜಿನಲ್ಲಿ ಅರ್ಧ ಹೊತ್ತು ಹೋದರೆ ರಾತ್ರಿ ಗಾಡಿ ಓಡಿಸಿ ಲೆಕ್ಕ ಸರಿಮಾಡಲು ನೋಡುತ್ತಾರೆ. ಕಬ್ಬು ಹೇರಿಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್‌ಗಳ ಬಗ್ಗೆ ನಿಮ್ಮ ಕಡೆಯವರಿಗೆ ನಾನೇನು ಹೇಳುವುದು!

ದಾರಿ ಸರಳ. ಹುಬ್ಬಳ್ಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ನವಲಗುಂದ, ವಿಜಯಪುರ, ಸೊಲ್ಲಾಪುರ, ಬೀಡ್, ಧುಳೆ ದಾಟಿ ಇಂದೋರಿನವರೆಗೆ ಅದೇ ರಸ್ತೆ. ಅಲ್ಲಿಂದ ಝಾನ್ಸಿ, ಕಾನ್ಪುರ, ಲಖನೌ, ಗೋರಖಪುರ, ಆಮೇಲೆ ಸೋನೌಲಿ ಗಡಿ. ನವಲಗುಂದದ ಎರೆ ಹೊಲದಂಥದೇ ಕರಿ ಮಣ್ಣು ಮಾಳವದಲ್ಲೂ ಕಾಣುತ್ತದೆ. ತಾಟಿನೊಳಗಿನ ರೊಟ್ಟಿ ಮಾತ್ರ ಅಷ್ಟರಲ್ಲಿ ಬೇರೆಯಾಗಿರುತ್ತದೆ. ಸೊಲ್ಲಾಪುರ, ಬೀಡ್ ಕಡೆ ನಮ್ಮ ಜೋಳವೇ ಭಾಕರಿಯಾಗಿ ಬರುತ್ತದೆ, ಇಂದೋರ್ ಹೊತ್ತಿಗೆ ಗೋಧಿ. ನಡುವೆ ಎಲ್ಲಿ ಬದಲಾಯಿತು ಎಂದು ಗಮನಿಸುವುದಕ್ಕೇ ಒಂದೂರಲ್ಲಿ ಒಂದು ದಿನ ಹೆಚ್ಚು ಕೂತರೂ ನಡೆದೀತು. ಪಟ್ಟಿ ಹಿಡಿದವರಿಗೆ ಆ ಪುರುಸೊತ್ತು ಎಲ್ಲಿಯದು?

ಇಂಥ ಪ್ರಯಾಣದಲ್ಲಿ ಮೈಗಿಂತ ಹೆಚ್ಚು ದಣಿಸುವುದು ದಿನಾ ಸಂಜೆಯ ತೀರ್ಮಾನ. ಇಲ್ಲೇ ಉಳಿಯುವುದೋ, ಇನ್ನೂ ಐವತ್ತು ಕಿಲೋಮೀಟರ್ ಹೋಗುವುದೋ? ಗೆಳೆತನ ಕೆಡುವುದೂ ಇದೇ ಹೊತ್ತಿನಲ್ಲಿ. ಒಂದು ದಿನದ ಯಜಮಾನಿಕೆ ಒಬ್ಬರಿಗೆ, ಮರುದಿನದ್ದು ಇನ್ನೊಬ್ಬರಿಗೆ ಕೊಟ್ಟುಕೊಳ್ಳಿ. ತನ್ನ ಸರದಿ ಇಲ್ಲದವನು ಗೊಣಗುವಂತಿಲ್ಲ. ಐದು ಗಂಟೆಯಾದರೆ ಚರ್ಚೆಯೇ ಬೇಡ, ಮುಂದೆ ಸಿಗುವ ಊರಲ್ಲೇ ಲಾಡ್ಜ್ ನೋಡಿ.

ಗಡಿಯಲ್ಲಿ ಮಾತ್ರ ಈ ಸಡಿಲ ಲೆಕ್ಕ ನಡೆಯದು. ನೇಪಾಳದೊಳಗೆ ನಮ್ಮ ಗಾಡಿ ಓಡಲು ಭನ್ಸಾರ್ ಎಂಬ ಸುಂಕ ಕಟ್ಟಬೇಕು, ಅದು ದಿನದ ಲೆಕ್ಕದ್ದು. ಎಷ್ಟು ದಿನ ಎಂದು ಮೊದಲೇ ಹೇಳಬೇಕು, ಮೀರಿದರೆ ದಂಡ. ಎರಡು ದಿನದ್ದು ಹೆಚ್ಚಿಗೆ ಕಟ್ಟಿಬಿಡಿ. ಆರ್‌ಸಿ, ಲೈಸೆನ್ಸ್ ಜೊತೆಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇರಲಿ. ಆಧಾರ್ ಒಂದನ್ನೇ ನಂಬಿ ಹೋಗಬೇಡಿ.

ಜೂನ್ ಬೇಡವೇ ಬೇಡ. ಸೆಪ್ಟೆಂಬರ್‌ವರೆಗೂ ಅಲ್ಲಿ ಮಳೆಗಾಲ, ಗುಡ್ಡ ಕುಸಿದು ರಸ್ತೆಗಳು ಮುಚ್ಚುತ್ತವೆ. ಬನ್ನಿ ಮುಡಿದು ಹೊರಡಿ.

ಇನ್ನು ವಿಮೆ. ಇಲ್ಲಿಯ ಪಾಲಿಸಿ ತಾನಾಗಿ ಗಡಿಯಾಚೆಗೆ ಅನ್ವಯಿಸುವುದಿಲ್ಲ. ಹೆಚ್ಚುವರಿ ಕಂತು ಕಟ್ಟಿ ನೇಪಾಳವನ್ನೂ ಸೇರಿಸಿಕೊಳ್ಳಬೇಕು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಅದಕ್ಕೆ ಅರ್ಜಿ ಕೊಡಬೇಕು. ಅವರ ಗಾಡಿ ನೀವು ಒಯ್ಯುತ್ತಿದ್ದೀರಿ ಎಂಬ ಒಪ್ಪಿಗೆ ಪತ್ರವೂ ಕೈಯಲ್ಲಿರಬೇಕು. ಅಂದರೆ ಎರಡೂ ಕಡೆ ಅಪ್ಪನದೇ ಸಹಿ. ಹಂಗಾಗಿ ನಕಾಶೆ ಬದಿಗಿಟ್ಟು ಮೊದಲು ಅವರ ಜೋಡಿ ಮಾತಾಡ್ರಿ, ದಸರಾಕ್ಕ ಇನ್ನೂ ಟೈಮ್ ಐತಿ.

– ಸಂಪಾದಕ